ನಾಗವೇಣಿಗಾಗಿ ಅತ್ತಿದ್ದು ತಪ್ಪೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ, ಓದಬೇಕೆಂದು ಎಷ್ಟೋ ವರ್ಷಗಳಿಂದ ಆಸೆಪಟ್ಟಿದ್ದ ಹಳೆಯ ಕಾದಂಬರಿಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ‘ಮರಳಿ ಮಣ್ಣಿಗೆ’ಯ ಮಾತು ಬಂದಾಗ, ನಾಗವೇಣಿಯ ಪಾಡು ಓದಿ ಅತ್ತುಬಿಟ್ಟೆ ಎಂದೆ. ಹಿರಿಯರೊಬ್ಬರು, “ಇದು ಭಾವುಕ ಓದು, ಕೃತಿಯ ಆಶಯ ನೋಡಬೇಕು” ಎಂದರು. ಅಲ್ಲಿಂದೀಚೆ ನಾನು ಬಾಯಿ ಬಿಟ್ಟಿಲ್ಲ. ಈಗ ವಿಮರ್ಶೆ ಓದಿಕೊಂಡೇ ಕಾದಂಬರಿ ತೆರೆಯುತ್ತೇನೆ, ಖುಷಿಯೇ ಹೋಗಿದೆ. ‘ಮಲೆಗಳಲ್ಲಿ ಮದುಮಗಳು’ ಅರ್ಧಕ್ಕೇ ನಿಂತಿದೆ, ಯಾರು ಯಾವ ಮನೆಯವರೆಂದೇ ತಿಳಿಯುವುದಿಲ್ಲ. ದೊಡ್ಡ ಪುಸ್ತಕ ಓದುವ ಯೋಗ್ಯತೆ ನನಗಿಲ್ಲವೇ ಮೇಡಂ?

ಉತ್ತರ: ನೀವು ಅತ್ತಿದ್ದರಲ್ಲಿ ಯಾವ ತಪ್ಪೂ ಇಲ್ಲ. ಗಂಡ ಲಚ್ಚನ ದುಂದು, ಅವನು ಅಂಟಿಸಿದ ಕಾಯಿಲೆ, ಮಕ್ಕಳ ಸಾವು ಎಲ್ಲವನ್ನೂ ನುಂಗಿಕೊಂಡು ಮಗ ರಾಮನನ್ನು ಬೆಳೆಸುವ ಹೆಣ್ಣು ನಾಗವೇಣಿ. ಅವಳ ಸಂಕಟ ತಟ್ಟದವರಿಗೆ, ಕೊನೆಯಲ್ಲಿ ರಾಮ ತನ್ನ ಊರು ಕೋಡಿಯ ಮಣ್ಣಿಗೆ ಮರಳುವುದು ಬರೀ ಒಂದು ಸಂಗತಿಯಾಗಿ ಉಳಿಯುತ್ತದೆ. ಆ ಹಿರಿಯರು ಹೇಳುವ ಆಶಯ ಇನ್ನೆಲ್ಲಿಂದ ಬರಬೇಕು?

ಆದರೆ ‘ಅತ್ತೆ’ ಎಂದಷ್ಟಕ್ಕೇ ನಿಲ್ಲಬೇಡಿ. ಅತ್ತಿದ್ದು ಎಲ್ಲಿ? ಅವಳ ಕಾಯಿಲೆಯ ಸುದ್ದಿಯಲ್ಲೋ, ಪಿಟೀಲು ಕೈಗೆತ್ತಿಕೊಂಡಾಗಲೋ? ಅದೇ ಮನೆಯ ಹಿರಿಯ ಹೆಂಗಸರು ಪಾರೋತಿ, ಸರಸೋತಿ ಮಳೆ ಗಾಳಿಯಲ್ಲಿ ಮೈಮುರಿದು ದುಡಿಯುವಾಗ ಬಾರದ ಕಣ್ಣೀರು ಇಲ್ಲಿ ಏಕೆ ಬಂತು? ಆ ಪುಟಗಳಿಗೆ ಇನ್ನೊಮ್ಮೆ ಹೋಗಿ ನೋಡಿ. ಮುಂದಿನ ಸಲ ಬಳಗದಲ್ಲಿ ಅದನ್ನೇ ಹೇಳಿ. ಅದು ನಿಮ್ಮ ಸ್ವಂತ ಮಾತು. ಅಲ್ಲಿ ಬೇರೆ ಯಾರೂ ಅದನ್ನು ಹೇಳಲಾರರು.

ವಿಮರ್ಶೆಯನ್ನು ಬಿಡಬೇಡಿ, ಕಾದಂಬರಿ ಮುಗಿದ ಮೇಲೆ ಓದಿ. ಅಷ್ಟು ಹೊತ್ತಿಗೆ ನಿಮ್ಮದೇ ಒಂದು ಅಭಿಪ್ರಾಯ ಇರುತ್ತದೆ, ವಿಮರ್ಶಕರೊಡನೆ ಜಗಳವಾಡಲೂ ಬರುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಈ ಮಳೆಗಾಲದಲ್ಲಿ ನಾನು ‘ಬೆಟ್ಟದ ಜೀವ’ವನ್ನು ಮತ್ತೆ ಓದಿದೆ. 1943ರ ಪುಸ್ತಕ. ಕಾಲೇಜಿನ ದಿನಗಳಲ್ಲಿ ಓದಿದಾಗ ಮನಸ್ಸು ತುಂಬಿದ್ದವರು ಗೋಪಾಲಯ್ಯ: ಕಾಡು ಕಡಿದು ತೋಟ ಎಬ್ಬಿಸಿದ ಛಲ, ಬಾಯ್ತುಂಬ ಮಾತು, ಬಂದವರಿಗೆಲ್ಲ ಉಪಚಾರ. ಈಗ ಅವರ ಹೆಂಡತಿ ಶಂಕರಮ್ಮ ನನ್ನನ್ನು ಹಿಡಿದು ನಿಲ್ಲಿಸಿದರು. ಮನೆ ಬಿಟ್ಟುಹೋದ ಮಗ ಶಂಭುವಿಗಾಗಿ ಆ ತಾಯಿ ಒಳಗೊಳಗೇ ಬೇಯುತ್ತಾರೆ. ಗೋಪಾಲಯ್ಯನವರ ಅಷ್ಟೊಂದು ಮಾತು ಏತಕ್ಕೆಂಬುದೂ ಆಗಲೇ ಹೊಳೆದದ್ದು. ಆ ಉತ್ಸಾಹದ ಅಡಿಯಲ್ಲಿ ಅದೇ ನೋವು ಇದೆ. ಯಾವ ವಿಮರ್ಶೆಯೂ ಇದನ್ನು ನನಗೆ ತೋರಿಸಿರಲಿಲ್ಲ. ನನ್ನ ಮಕ್ಕಳೂ ದೂರದ ಊರುಗಳಲ್ಲಿದ್ದಾರೆ, ಅದೇ ಕಾರಣವಿರಬೇಕು.

ಇನ್ನು ‘ಮದುಮಗಳು’. 1967ರಲ್ಲಿ ಬಂದ ಈ ಕಾದಂಬರಿಯಲ್ಲಿ ನೀವು ನಾಯಕನನ್ನು ಹುಡುಕುತ್ತಿದ್ದೀರಿ ಎಂದು ನನ್ನ ಗುಮಾನಿ. ಇಲ್ಲಿ ಯಾವ ಜೀವವೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ ಎಂಬುದನ್ನು ಕುವೆಂಪು ಆರಂಭದಲ್ಲೇ ಸೂಚಿಸಿದ್ದಾರೆ. ಹಾಗಾಗಿ ಎಲ್ಲರ ನಂಟನ್ನೂ ನೆನಪಿಡುವ ಹಟ ಬೇಡ. ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಹೋಗಿ. ತಾನು ಮೆಚ್ಚಿದ ತಿಮ್ಮಿಗಾಗಿ ಗುತ್ತಿ ಅಲೆಯುವ ದಾರಿಯಲ್ಲಿ ಮನೆಗಳೂ ಮನುಷ್ಯರೂ ತಾವಾಗಿ ಪರಿಚಯವಾಗುತ್ತಾರೆ. ತೀರಾ ಗೊಂದಲವಾದರೆ ಒಂದು ಚೀಟಿಯಲ್ಲಿ ಮನೆಗಳ ಹೆಸರು ಬರೆದು, ಕೆಳಗೆ ಅಲ್ಲಿಯವರ ಹೆಸರು ಸೇರಿಸುತ್ತ ಹೋಗಿ. 2010ರಲ್ಲಿ ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ ಇದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿಸಿದರು. ಪುಸ್ತಕವನ್ನು ಎಂದೂ ಮುಟ್ಟದವರೂ ಬೆಳಗಿನವರೆಗೆ ಎದ್ದು ಕೂತು ನೋಡಿದರು. ಯೋಗ್ಯತೆಯ ಪ್ರಶ್ನೆ ಅವರನ್ನು ಕಾಡಲಿಲ್ಲ.

ದಿನಕ್ಕೆ ಎಷ್ಟು ಪುಟ ಎಂದು ಲೆಕ್ಕ ಇಡಬೇಡಿ. ಹುಲಿಯನಿಗೆ ಕೊನೆಗೆ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಓದಿ ಮುಗಿಸಿದ ದಿನ ನನಗೊಂದು ಕಾಗದ ಬರೆಯಿರಿ.