ಮಾಹೇಶ್ವರಸ್ಥಲವೂ ಜಪಾನಿನ ಶಿಂತೋ ಧರ್ಮವೂ

ಷಟ್‌ಸ್ಥಲಗಳಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆಯು ಪ್ರಾಣ. ಅದರ ಮೇಲಿನ ಮಾಹೇಶ್ವರಸ್ಥಲಕ್ಕೆ ನಿಷ್ಠೆಯು ಪ್ರಾಣ. ನಿಷ್ಠೆಯೆಂದರೆ ಅನ್ಯರ ದೇವರನ್ನು ಹಳಿಯುವುದೋ, ತನ್ನ ಲಿಂಗವನ್ನು ಬಿಡದಿರುವುದೋ? ಈ ಪ್ರಶ್ನೆಯು ಇಂದು ಜಿಗಣಿಯಂತಹ ಊರುಗಳ ಸದ್ಭಕ್ತರ ಬಾಗಿಲಿಗೇ ಬಂದು ನಿಂತಿದೆ.

ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ನೂಲುವ ಯಂತ್ರಗಳಿಗಾಗಿ ಕಿರ್ಲೋಸ್ಕರ್ ಟೊಯೋಡ ಸಂಸ್ಥೆಯು 1995ರಲ್ಲಿ ಸ್ಥಾಪಿತವಾಯಿತು; ಬಿಡದಿಯ ಟೊಯೋಟ ಮೋಟಾರು ಕಾರ್ಖಾನೆಯು 1999ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಇಂತಹ ಕಾಯಕಸ್ಥಾನಗಳಲ್ಲಿ ನಮ್ಮವರೂ ಜಪಾನೀಯರೂ ಜೊತೆಯಾಗಿ ದುಡಿಯುವರು. ತರಬೇತಿಗಾಗಿ ಜಪಾನಿಗೆ ಹೋಗಿಬರುವವರೂ ಉಂಟು. ಅಲ್ಲಿ ಕಟ್ಟಡದ ಕೆಲಸಕ್ಕೆ ಮುನ್ನ ಶಿಂತೋ ಅರ್ಚಕನು ಭೂಮಿಶಾಂತಿಯನ್ನು ನೆರವೇರಿಸುವನು. ಎಷ್ಟೋ ಸಂಸ್ಥೆಗಳು ತಮ್ಮದೇ ಗುಡಿಯನ್ನಿಟ್ಟುಕೊಂಡಿವೆ. ಅಂತಹ ಸನ್ನಿಧಿಯಲ್ಲಿ ಲಿಂಗಧಾರಿಯ ನಡೆ ಹೇಗಿರಬೇಕು?

ಶಿಂತೋ ಧರ್ಮಕ್ಕೆ ಸಂಸ್ಥಾಪಕನಿಲ್ಲ, ದೀಕ್ಷೆಯ ಕಡ್ಡಾಯವಿಲ್ಲ. ಬೆಟ್ಟ, ಮರ, ಜಲಪಾತ, ಪೂರ್ವಜರು—ಇವುಗಳಲ್ಲಿ ನೆಲೆಸಿದ ದಿವ್ಯಶಕ್ತಿಗಳನ್ನು ಅವರು ‘ಕಾಮಿ’ ಎನ್ನುವರು. ನಮ್ಮ ನುಡಿಯ ಕಾಮಿ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದೇ ಮನೆಯಲ್ಲಿ ಕಾಮಿಯ ಮಾಡವೂ ಬುದ್ಧನ ಪೀಠವೂ ಇರುವುದು ಅಲ್ಲಿ ವಾಡಿಕೆ. 1868ರಲ್ಲಿ ಮೇಯಿಜಿ ಸರಕಾರವು ಎರಡನ್ನೂ ಬೇರ್ಪಡಿಸಲು ಆಜ್ಞೆ ಹೊರಡಿಸಿದರೂ ಮನೆಗಳಲ್ಲಿ ಅವು ಅಗಲಲಿಲ್ಲ. ನಮ್ಮ ಮಹಾಕಾಲನೇ ಬೌದ್ಧರ ಮೂಲಕ ಅಲ್ಲಿಗೆ ಹೋಗಿ, ‘ದೈಕೊಕು’ ಎಂಬ ಸೌಭಾಗ್ಯದೇವತೆಯಾಗಿ, ಶಿಂತೋ ದೇವತೆಯೊಂದಿಗೆ ಬೆರೆತುಹೋದನು. ಹವಾಯಿ ದ್ವೀಪದ ಹಿಲೋ ನಗರದಲ್ಲಿ ವಲಸೆಗಾರರು 1898ರಲ್ಲಿಯೇ ಶಿಂತೋ ಮಂದಿರವನ್ನು ಕಟ್ಟಿದರು. ಹೊರದೇಶಗಳಲ್ಲಿ ಜಪಾನೀಯರಲ್ಲದ ಕೆಲವರೂ ತಮ್ಮ ಹಿಂದಿನ ಮತದೊಡನೆ ಇದನ್ನು ಆಚರಿಸುವರು. ಶಿಂತೋ ಇದಕ್ಕೆ ಆಕ್ಷೇಪಿಸದು.

ಅದು ಆಕ್ಷೇಪಿಸದೆಂದ ಮಾತ್ರಕ್ಕೆ ನಮ್ಮ ಪ್ರಶ್ನೆಯು ಮುಗಿಯಲಿಲ್ಲ. ನಾವು ದೀಕ್ಷೆಯಿಂದ ಕಟ್ಟುಗೊಂಡವರು. ಶಿಂತೋ ಪೂಜೆಗೆ ಸ್ಥಳವೇ ಮುಖ್ಯ. ದೂರದಲ್ಲಿರುವವನು ಮಂದಿರದಿಂದ ರಕ್ಷಾಪತ್ರವನ್ನು ತಂದು ಮಾಡದಲ್ಲಿಡಬೇಕು. ಇಷ್ಟಲಿಂಗವಾದರೋ ಅಂಗದ ಮೇಲೆಯೇ ಇದ್ದು ಹೋದೆಡೆಗೆಲ್ಲ ಬರುವುದು. ಅಲ್ಲಿ ಮನೆಯಲ್ಲಿ ಸಾವಾದರೆ ಮಾಡಕ್ಕೆ ಬಿಳಿಯ ಕಾಗದವನ್ನು ಮುಚ್ಚಿ, ಸಾಮಾನ್ಯವಾಗಿ 50 ದಿನ ಪೂಜೆಯನ್ನು ನಿಲ್ಲಿಸುವರು. ಶರಣರು ಪಂಚಸೂತಕಗಳನ್ನೇ ಅಲ್ಲಗಳೆದರು. ದುಃಖದ ದಿನದಲ್ಲಿಯೂ ಲಿಂಗಪೂಜೆಗೆ ತಡೆಯಿಲ್ಲ. ಆದುದರಿಂದ ಇವೆರಡನ್ನೂ ಒಂದೇ ಮಾಡದಲ್ಲಿಟ್ಟರೆ ಎರಡಕ್ಕೂ ನ್ಯಾಯ ದೊರಕದು.

ಹಾಗಾದರೆ ಗುಡಿಯ ಮುಂದೆ ತಲೆಬಾಗಬಾರದೆ? ಗೌರವವು ಬೇರೆ, ಶರಣಾಗತಿಯು ಬೇರೆ. ಜೊತೆಗಾರನ ಪೂಜ್ಯವಸ್ತುವಿಗೆ ಕೈಮುಗಿದರೆ ಆ ಜೊತೆಗಾರನಿಗೆ ಸಲ್ಲಿಸಿದ ಮರ್ಯಾದೆಯಾಯಿತು. ಅದರಿಂದ ನಿಷ್ಠೆಗೆ ಭಂಗವಿಲ್ಲ. ನೈವೇದ್ಯದ ಅಕ್ಕಿಯ ಮದ್ಯವನ್ನು ಕೊಟ್ಟರೆ ವಿನಯದಿಂದ ಬೇಡವೆನ್ನಬಹುದು. ಆದರೆ ಭಯದಿಂದಲೋ ಲಾಭದಾಸೆಯಿಂದಲೋ ಅಲ್ಲಿ ಹರಕೆಯನ್ನು ಹೊತ್ತರೆ ನಿಷ್ಠೆಯು ಸಡಿಲಿತು. ಏನನ್ನು ಬೇಡಿದೆನೆಂಬುದೇ ಇಲ್ಲಿ ಒರೆಗಲ್ಲು.

ಈ ಒರೆಗಲ್ಲನ್ನು ಜಪಾನಿನ ಗುಡಿಗೆ ಮಾತ್ರ ಹಿಡಿಯುವುದು ನ್ಯಾಯವಲ್ಲ. ಶಿಂತೋ ಗುಡಿಯ ಮುಂದೆ ಅಂಜುವ ನಮ್ಮವರೇ ಊರಿನಲ್ಲಿ ಗ್ರಹಶಾಂತಿಗೂ ಶನಿಯ ಎಣ್ಣೆದೀಪಕ್ಕೂ ಓಡುವರಲ್ಲವೆ? ಮುಹೂರ್ತವಿಲ್ಲದೆ ಯಂತ್ರದ ಗುಂಡಿಯನ್ನು ಒತ್ತದವರು ಎಷ್ಟಿಲ್ಲ? ಜಪಾನೀಯನು ತನ್ನ ಮಾಡದ ಮುಂದೆ ನಿಂತರೆ ತನ್ನ ಧರ್ಮದಂತೆ ನಡೆದಂತಾಯಿತು. ಲಿಂಗವನ್ನು ಧರಿಸಿಯೂ ಗ್ರಹಗಳಿಗೆ ಅಂಜುವವನು ತನ್ನ ದೀಕ್ಷೆಯನ್ನೇ ಮರೆತವನಾಗುವನು. ದಿನಕ್ಕೊಮ್ಮೆಯಾದರೂ ಕರಸ್ಥಲದಲ್ಲಿ ಲಿಂಗವನ್ನಿಟ್ಟು ಮನಸ್ಸು ನಿಲ್ಲಿಸುವ ಗೃಹಸ್ಥನು ಯಾವ ಗುಡಿಯ ಮುಂದೆಯೂ ನಿರ್ಭಯನಾಗಿ, ನಿರ್ದ್ವೇಷಿಯಾಗಿ ನಿಲ್ಲಬಲ್ಲನು. ಅದೇ ಮಾಹೇಶ್ವರನ ಲಕ್ಷಣ.