ಸ್ಟುಡಿಯೋ ಮೆಟ್ಟಿಲು ಹತ್ತುವ ಮುನ್ನ: ಭಜನಾ ಮೇಳಕ್ಕೆ ಒಂಬತ್ತು ಪಾಠಗಳು

ಬೆಳಗಾವಿ ಜಿಲ್ಲೆಯ ಕಟಕೋಳದ ಸುತ್ತಲಿನ ಹಳ್ಳಿಗಳಲ್ಲಿ ಭಜನಾ ಮಂಡಳಿಗಳಿಗೆ ಕೊರತೆಯಿಲ್ಲ. ಅಮಾವಾಸ್ಯೆ ಬಂತೆಂದರೆ ಗುಡಿಯಲ್ಲಿ ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ, ಏಕತಾರಿ ಕೂಡುತ್ತವೆ. ಪದ ಬೆಳಗಿನ ತನಕ ನಡೆಯುತ್ತದೆ. ಹಿಂದಿನ ಮೇಳಗಳಿಗೆ ಸ್ಟುಡಿಯೋ ಎಂದರೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ. ಈಗ ಬೆಳಗಾವಿ, ಹುಬ್ಬಳ್ಳಿಗಳಲ್ಲಿ ತಾಸಿನ ಲೆಕ್ಕದಲ್ಲಿ ಸ್ಟುಡಿಯೋ ಸಿಗುತ್ತದೆ, ಹಾಡು ಹಾಕಲು ಯೂಟ್ಯೂಬ್ ಇದೆ. ಹೀಗಾಗಿ ಪ್ರತಿ ಮಂಡಳಿಯ ಹುಡುಗರೂ 'ರೆಕಾರ್ಡ್ ಮಾಡಸೋಣ್ರಿ' ಅನ್ನುತ್ತಿದ್ದಾರೆ. ಹಾರ್ಮೋನಿಯಂ ಹೊತ್ತು ಇಂಥ ಮೇಳಗಳ ಜೊತೆ ಹೋಗಿಬರುತ್ತ ನಾನು ಕಲಿತದ್ದರ ಸಾರ ಇಷ್ಟೇ: ರೆಕಾರ್ಡಿಂಗಿನ ಮುಕ್ಕಾಲು ಕೆಲಸ ಊರ ಗುಡಿಯಲ್ಲೇ ಮುಗಿಯಬೇಕು. ಅಲ್ಲಿ ವಾದ ಮಾಡಿದರೆ ಬಾಡಿಗೆ ಏರುವುದಿಲ್ಲ.

1. ಪದ ಕಡಿಮೆ ಇರಲಿ, ಅಳತೆ ಗೊತ್ತಿರಲಿ

'ಇಡೀ ರಾತ್ರಿ ಹಾಡತೀವಿ, ನಾಕು ಪದಕ್ಕ ಎಂಥಾ ತಯಾರಿ ತಮ್ಮಾ?' ಎಂದು ಹಿರಿಯರು ಕೇಳುವುದುಂಟು. ತೊಡಕು ಇರುವುದೇ ಅಲ್ಲಿ. ಗುಡಿಯಲ್ಲಿ ಒಂದು ನುಡಿಯನ್ನು ಕೇಳುವವರ ತಲೆದೂಗಿಗೆ ತಕ್ಕಂತೆ ಎಷ್ಟು ಸಲವಾದರೂ ತಿರುಗಿಸಬಹುದು. ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ತಲೆದೂಗುವವರು ಯಾರೂ ಇಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರು ಹಾಡಿದ 78 ಸುತ್ತಿನ ತಟ್ಟೆಯ ಒಂದು ಮುಖಕ್ಕೆ ಮೂರು ನಿಮಿಷ ಚಿಲ್ಲರೆಯಷ್ಟೇ ಜಾಗ. ತಾಸುಗಟ್ಟಲೆ ರಾಗ ಬಿಡಿಸುತ್ತಿದ್ದವರು ಆ ಅಳತೆಗೆ ಸೇರುವುದನ್ನು ಮೊದಲೇ ಆರಿಸಿಕೊಂಡಿರಲೇಬೇಕಿತ್ತು. ಇಂದು ಯಂತ್ರ ಹಾಗೆ ಕಟ್ಟುಹಾಕುವುದಿಲ್ಲ, ಆದ್ದರಿಂದ ನಾವೇ ಕಟ್ಟಿಕೊಳ್ಳಬೇಕು. ಪಲ್ಲವಿ ಎಷ್ಟು ಸಲ, ನುಡಿ ಎಷ್ಟು, ನಡುವಿನ ಹಾರ್ಮೋನಿಯಂ ತುಣುಕು ಎಷ್ಟು ಆವರ್ತನ, ಮುಗಿತಾಯ ಹೇಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡಿ. ಮೊದಲ ಸಲಕ್ಕೆ ಎರಡೋ ಮೂರೋ ಪದ ಸಾಕು.

2. ಪಾಠಾಂತರದ ಜಗಳ ಊರಲ್ಲೇ ತೀರಲಿ

ತತ್ವಪದಗಳು ಬಾಯಿಂದ ಬಾಯಿಗೆ ಬಂದವು. ಒಬ್ಬರ ವಹಿಯಲ್ಲಿ ಒಂದು ಪದ, ಇನ್ನೊಬ್ಬರ ವಹಿಯಲ್ಲಿ ಇನ್ನೊಂದು. ಮುಂದೆ ಹಾಡುವವರು ಒಂದು ಹೇಳಿ, ಹಿಮ್ಮೇಳ ಮತ್ತೊಂದು ಹೇಳಿದರೆ ಗುಡಿಯಲ್ಲಿ ತಾಳದ ಸದ್ದಿನಲ್ಲಿ ಮುಚ್ಚಿಹೋಗುತ್ತದೆ, ಮೈಕಿನಲ್ಲಿ ಮುಚ್ಚುವುದಿಲ್ಲ. ಒಂದು ಪಾಠ ಒಪ್ಪಿಕೊಂಡು ದಪ್ಪ ಅಕ್ಷರದಲ್ಲಿ ಬರೆಯಿರಿ. ಹಿಮ್ಮೇಳದವರು ಸಾಲಿನ ಕೊನೆಯ ಅಕ್ಷರವನ್ನು ಒಟ್ಟಿಗೆ ಬಿಡುವುದನ್ನು ರೂಢಿ ಮಾಡಲಿ. ಹಾಳೆ ತಿರುವಿದ ಸಪ್ಪಳವೂ ದಾಖಲಾಗುವುದರಿಂದ ಒಂದು ಪದ ಒಂದೇ ಹಾಳೆಯಲ್ಲಿರಲಿ.

3. ಹಾರ್ಮೋನಿಯಂ ಪೆಟ್ಟಿಗೆಗೆ ಮೊದಲ ತಪಾಸಣೆ

ಹಳೆಯ ಪೆಟ್ಟಿಗೆಗಳ ಸ್ವರ ವರ್ಷಗಳಲ್ಲಿ ಸರಿದಿರುತ್ತದೆ. ಮೇಳದ ಕಂಠ ಅದಕ್ಕೇ ಹೊಂದಿಕೊಂಡಿರುವುದರಿಂದ ಊರಲ್ಲಿ ಗೊತ್ತಾಗುವುದಿಲ್ಲ. ಸ್ಟುಡಿಯೋದವರು ಮೇಲೆ ಕೀಬೋರ್ಡೋ ಕೊಳಲೋ ಸೇರಿಸಿದಾಗ ಗೊತ್ತಾಗುತ್ತದೆ. ಅವು ಸಾಮಾನ್ಯವಾಗಿ 440 ಹರ್ಟ್ಸ್ ಅಳತೆಯವು. ಮೊಬೈಲಿನ ಟ್ಯೂನರ್ ಆ್ಯಪ್ ತೆರೆದು ಒಂದೊಂದೇ ಮನೆ ಒತ್ತಿ ನೋಡಿ. ನಮ್ಮ ಕಪ್ಪು ಒಂದು ಅದರಲ್ಲಿ ಸಿ ಶಾರ್ಪ್ ಎಂದು ಕಾಣುತ್ತದೆ. ಎಲ್ಲ ಮನೆಗಳೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಚಿಂತೆಯಿಲ್ಲ, ಎಂಜಿನಿಯರಿಗೆ ಮೊದಲೇ ಹೇಳಿದರೆ ಕೀಬೋರ್ಡನ್ನೇ ಅದಕ್ಕೆ ಹೊಂದಿಸುತ್ತಾರೆ. ಒಂದೊಂದು ಒಂದೊಂದು ಕಡೆ ಸರಿದಿದ್ದರೆ ಪೆಟ್ಟಿಗೆಯನ್ನು ರಿಪೇರಿಗೆ ಕೊಡಲೇಬೇಕು. ಗಾಳಿ ಸೋರುವ ತಿದಿ, ಟಕಟಕ ಅನ್ನುವ ಮನೆ, ಕಿರುಗುಟ್ಟುವ ಕೀಲು ಇವನ್ನೂ ಅದೇ ಸಲ ಸರಿಮಾಡಿಸಿ.

4. ಓಟ ಎಲ್ಲಿ ಬೇಕು, ಎಲ್ಲಿ ಬೇಡ

ಭಜನೆ ಓಡುತ್ತದೆ. ನಿಧಾನವಾಗಿ ಶುರುವಾದ ಪದ ಕೊನೆಗೆ ದುಗುಣಕ್ಕೆ ಏರುವುದೇ ಅದರ ಜೀವ. ಆದರೆ ಬೇಕೆಂದು ಏರಿಸಿದ್ದು ಬೇರೆ, ಗೊತ್ತಿಲ್ಲದೆ ಜಾರಿದ್ದು ಬೇರೆ. ತಾಲೀಮನ್ನು ಮೊಬೈಲಿನಲ್ಲಿ ಹಿಡಿದು, ಮೊದಲ ನುಡಿಯ ಮತ್ತು ಮೂರನೆಯ ನುಡಿಯ ಬಡಿತಗಳನ್ನು ಎಣಿಸಿ. ನಿಮಿಷಕ್ಕೆ 90 ಇದ್ದದ್ದು ಯಾರೂ ಹೇಳದೆಯೇ 110 ಆಗಿದ್ದರೆ ತಬಲಾದವರನ್ನೊಬ್ಬರನ್ನೇ ದೂರಬೇಡಿ, ಬಹಳ ಸಲ ಎಳೆಯುವವರು ತಾಳದವರು. ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ಒಂದಷ್ಟು ಸಂಜೆ ಹಾಡಿ. ದುಗುಣಕ್ಕೆ ಏರುವ ಜಾಗವನ್ನು ಹಾಳೆಯಲ್ಲಿ ಗುರುತು ಮಾಡಿ.

5. ಒಟ್ಟಿಗೋ, ಬಿಡಿಬಿಡಿಯಾಗಿಯೋ?

ಇದನ್ನು ಸ್ಟುಡಿಯೋದವರು ಕೇಳಿಯೇ ಕೇಳುತ್ತಾರೆ, ಉತ್ತರ ಮೊದಲೇ ಇಟ್ಟುಕೊಳ್ಳಿ. ಬಿಡಿಬಿಡಿಯಾಗಿ ಹಿಡಿದರೆ ಮೊದಲು ತಬಲಾ, ಆಮೇಲೆ ಹಾರ್ಮೋನಿಯಂ, ಆಮೇಲೆ ಕಂಠ. ಒಬ್ಬರ ತಪ್ಪನ್ನು ಅವರಷ್ಟೇ ಮತ್ತೆ ತಿದ್ದಬಹುದು. ಆದರೆ ಎಲ್ಲರೂ ಹೆಡ್‌ಫೋನಿನ ಕ್ಲಿಕ್ ಸದ್ದಿಗೆ ಕಟ್ಟುಬೀಳಬೇಕು, ಒಬ್ಬರ ಮುಖ ಒಬ್ಬರು ನೋಡಿ ಹಾಡುವ ಮೇಳಕ್ಕೆ ಇದು ಕಷ್ಟ. ಒಟ್ಟಿಗೆ ಹಿಡಿದರೆ ಭಜನೆಯ ಕಳೆ ಉಳಿಯುತ್ತದೆ. ತಾಳದ ಸದ್ದು ಹಾಡುಗಾರನ ಮೈಕಿಗೂ ಹೋಗುವುದರಿಂದ ಒಬ್ಬರು ತಪ್ಪಿದರೆ ಬಹುತೇಕ ಎಲ್ಲರೂ ಮತ್ತೆ ಹಾಡಬೇಕು. ನಾನು ಹೇಳುವುದು ನಡುವಿನ ದಾರಿ: ತಬಲಾ, ಹಾರ್ಮೋನಿಯಂ, ಮುಖ್ಯ ಕಂಠ ಒಟ್ಟಿಗಿರಲಿ, ತಾಳ, ದಮ್ಮಡಿ, ಹಿಮ್ಮೇಳ ಆಮೇಲೆ ಕೂಡಲಿ. ದೊಡ್ಡ ಕೋಣೆಯಿಲ್ಲದ ಸ್ಟುಡಿಯೋದಲ್ಲಿ ಈ ಮಾತಿಗೂ ಜಾಗ ಇರುವುದಿಲ್ಲ. ಮುಂಗಡ ಕೊಡುವ ಮೊದಲು ಇಬ್ಬರು ಹೋಗಿ ಕೋಣೆ ನೋಡಿಬನ್ನಿ.

6. ಜಾತ್ರೆಯ ಕಂಠ ಜಾತ್ರೆಗೇ ಇರಲಿ

ಧ್ವನಿವರ್ಧಕದ ಮುಂದೆ ಹಾಡಿ ಬೆಳೆದವರು ಮೈಕನ್ನು ತುಟಿಗೆ ತಾಗಿಸಿ ಕೂಗುತ್ತಾರೆ. ಸ್ಟುಡಿಯೋ ಮೈಕಿಗೆ ಒಂದು ಗೇಣು ದೂರ ಬೇಕು, ಬಾಯಿ ತುಸು ಓರೆ ಇರಬೇಕು. ಇಲ್ಲವಾದರೆ ಪ, ಬ, ಭ ಬಂದಲ್ಲೆಲ್ಲ ಗಾಳಿ ಗುದ್ದುತ್ತದೆ. ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿಕೊಂಡರೆ ಸ್ವಂತ ಕಂಠ ಕೇಳಿ ಶ್ರುತಿ ನಿಲ್ಲುತ್ತದೆ. ಬಳೆ, ಕೈಗಡಿಯಾರ, ಗಂಜಿ ಹಾಕಿದ ಹೊಸ ಧೋತರ ಎಲ್ಲವೂ ಸಪ್ಪಳ ಮಾಡುತ್ತವೆ. ಮೊಬೈಲು ಕೋಣೆಯ ಹೊರಗಿರಲಿ.

7. ಚರ್ಮದ ವಾದ್ಯಕ್ಕೆ ಹವಾಮಾನ ತಾಗುತ್ತದೆ

ಮಳೆಗಾಲದ ತೇವಕ್ಕೆ ದಮ್ಮಡಿ ಸಡಿಲಾದರೆ ಗುಡಿಯಲ್ಲಿ ಬೆಂಕಿಗೆ ಹಿಡಿದು ಬಿಗಿ ಮಾಡುತ್ತೇವೆ. ಸ್ಟುಡಿಯೋದಲ್ಲಿ ಬೆಂಕಿ ಎಲ್ಲಿಂದ ಬರಬೇಕು? ಹಿಂದಿನ ದಿನವೇ ಬಿಸಿಲಿಗಿಡಿ. ಎಸಿ ಕೋಣೆಯ ಒಣ ಗಾಳಿಗೆ ತಬಲಾ ಮೆಲ್ಲಗೆ ಮೇಲೇರುತ್ತದೆ, ಆದ್ದರಿಂದ ವಾದ್ಯಗಳನ್ನು ಒಳಗೆ ಒಯ್ದು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಶ್ರುತಿ ಮಾಡಿ. ಪ್ರತಿ ಪದಕ್ಕೂ ಮುಂಚೆ ಮತ್ತೆ ನೋಡಿ. ಸುತ್ತಿಗೆ, ಕೈಗೆ ಹಚ್ಚುವ ಪೌಡರ್, ಏಕತಾರಿಗೆ ಹೆಚ್ಚಿನ ತಂತಿ ಮರೆಯಬೇಡಿ.

8. ದಿನ ಆರಿಸುವಾಗ ಪಂಚಾಂಗವನ್ನೂ ಹೊಲವನ್ನೂ ನೋಡಿ

ಗೊಡಚಿ ವೀರಭದ್ರನ ಜಾತ್ರೆಯಲ್ಲೋ ಎಲ್ಲಮ್ಮನ ಗುಡ್ಡದ ಭರತ ಹುಣ್ಣಿಮೆಯಲ್ಲೋ ರಾತ್ರಿಯಿಡೀ ಹಾಡಿ ಮುಂಜಾನೆ ಬೆಳಗಾವಿ ಗಾಡಿ ಹತ್ತಿದ ಕಂಠದಲ್ಲಿ ಏನೂ ಉಳಿದಿರುವುದಿಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ತಬಲಾದವನ ಬೆರಳು ಕಬ್ಬಿನ ರವದಿಗೆ ಕೊಯ್ದಿರುತ್ತದೆ, ಮನಸ್ಸು ಹೊಲದಲ್ಲಿರುತ್ತದೆ. ಯುಗಾದಿಯ ನಂತರ, ಮುಂಗಾರು ಬಿತ್ತನೆಗೆ ಮೊದಲಿನ ವಾರಗಳು ನಮ್ಮ ಕಡೆ ಅನುಕೂಲ. ಹಿಂದಿನ ರಾತ್ರಿ ನಿದ್ದೆ, ಮುಂಜಾನೆ ಹಗುರ ಊಟ, ಬಿಸಿನೀರು ಸಾಕು. ಮಿರ್ಚಿ ಭಜಿ ಕೆಲಸ ಮುಗಿದ ಮೇಲೆ. ಗಾಜಿನ ಆಚೆ ಕುಳಿತ ಎಂಜಿನಿಯರಿನ ಜೊತೆ ಮೇಳದ ಪರವಾಗಿ ಒಬ್ಬರೇ ಮಾತಾಡಲಿ. ಏಳು ಮಂದಿ ಏಳು ಸಲಹೆ ಕೊಟ್ಟರೆ ಗಡಿಯಾರ ಓಡುತ್ತದೆ, ಪದ ನಿಂತಲ್ಲೇ ನಿಲ್ಲುತ್ತದೆ.

9. ಹೆಸರು, ಹಕ್ಕು, ಕಡತ: ಮೂರೂ ಕಾಗದದ ಮೇಲಿರಲಿ

ಮೊದಲು ಹಕ್ಕಿನ ಮಾತು. ತತ್ವಪದಕಾರ ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿ ತೀರಿದ ನಂತರ 60 ವರ್ಷಗಳಷ್ಟೇ ಹಕ್ಕು ಉಳಿಯುವುದರಿಂದ ಅವರ ಸಾಹಿತ್ಯ ಎಲ್ಲರದು. ಆದರೆ 1990ರ 'ಸಂತ ಶಿಶುನಾಳ ಶರೀಫ' ಸಿನಿಮಾಕ್ಕೆ ಸಿ. ಅಶ್ವತ್ಥ್ ಕಟ್ಟಿದ ಧಾಟಿಗಳು ಹಾಗಲ್ಲ. ಅವನ್ನು ಎತ್ತಿಕೊಂಡು ಹಾಕಿದರೆ ಯೂಟ್ಯೂಬಿನಲ್ಲಿ ಹಕ್ಕಿನ ತಕರಾರು ಬರಬಹುದು. ನಮ್ಮ ಗುಡಿಯ ಹಳೆಯ ಧಾಟಿಯಲ್ಲೇ ಹಾಡಿದರೆ ಆ ಭಯವಿಲ್ಲ, ಹಾಡಿಗೆ ಊರಿನ ಗುರುತೂ ಇರುತ್ತದೆ.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ತಟ್ಟೆಯ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ನಮ್ಮ ಮೇಳಗಳಲ್ಲಿ ಹಾರ್ಮೋನಿಯಂನವರ, ತಾಳದವರ, ಪದ ಕಲಿಸಿದ ಗುರುವಿನ ಹೆಸರು ಬಿಟ್ಟುಹೋಗುವುದೇ ಹೆಚ್ಚು. ಪಟ್ಟಿ ಮೊದಲೇ ಬರೆದು ಕೊಡಿ. ಬಾಡಿಗೆಯಲ್ಲಿ ಮಿಕ್ಸಿಂಗ್ ಸೇರಿದೆಯೇ, ಹಾಡನ್ನು ಯಾರ ಚಾನೆಲ್ಲಿಗೆ ಹಾಕುವುದು, ಬಂದ ಹಣ ಯಾರಿಗೆ ಎಂಬುದನ್ನು ಬರೆಸಿಕೊಂಡು ಸಹಿ ಹಾಕಿಸಿ. ಎಂಪಿ3 ಒಂದನ್ನೇ ಹಿಡಿದು ಬರಬೇಡಿ. ಒಂದೊಂದು ವಾದ್ಯದ ಬಿಡಿ ಕಡತಗಳನ್ನೂ ವೇವ್ ರೂಪದಲ್ಲಿ ನಿಮ್ಮ ಹಾರ್ಡ್‌ಡಿಸ್ಕಿಗೆ ತುಂಬಿಸಿಕೊಳ್ಳಿ.

ಮಿಕ್ಸ್ ಬಂದ ದಿನವೇ ಒಪ್ಪಿಗೆ ಕೊಡುವ ಅವಸರವೂ ಬೇಡ. ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಎಲ್ಲವೂ ಚಂದವೇ. ನಮ್ಮ ಜನ ಕೇಳುವುದು ಮೊಬೈಲಿನಲ್ಲಿ, ಕಬ್ಬು ಹೇರಿದ ಟ್ರ್ಯಾಕ್ಟರಿನ ಡಬ್ಬದಲ್ಲಿ. ಎರಡರಲ್ಲೂ ಹಾಕಿ ನೋಡಿ. ಇಂಜಿನ್ ಸದ್ದಿನ ನಡುವೆಯೂ ನುಡಿಯ ಒಂದೊಂದು ಅಕ್ಷರ ಕೇಳಿದರೆ ಒಪ್ಪಿಗೆ ಕೊಡಿ, ಕೇಳದಿದ್ದರೆ ತಾಳ ಇಳಿಸಿ ಕಂಠ ಏರಿಸಲು ಹೇಳಿ. ಬಾಕಿ ಹಣ ಅದಾದ ಮೇಲೆ.