ಕಿಡ್ನಿ ಕೊಡುವ ಮುನ್ನ: ತಿಳಿದು ಕೊಡೋಣ



ಸಂಘದ ಸಭೆಯೊಂದರಲ್ಲಿ ಒಬ್ಬ ತಾಯಿ ಕೇಳಿದರು: "ಸಿಸ್ಟರ್, ಕೆ.ಆರ್. ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರುವ ಹುಡುಗಿಯೊಬ್ಬಳನ್ನು ನೋಡಿದೆ. ನಮ್ಮವಳೇನಲ್ಲ. ನನ್ನದೊಂದು ಕಿಡ್ನಿ ಕೊಡಬಹುದಾ?" ಪಕ್ಕದಲ್ಲಿದ್ದವರು ಮೆಲ್ಲಗೆ, "ಕೊಟ್ಟರೆ ಸಾಲ ತೀರುತ್ತಾ?" ಅಂದರು. ಮೊದಲನೆಯದು ದಾನದ ಮಾತು, ಎರಡನೆಯದು ಮಾರಾಟದ ಮಾತು. ಎರಡಕ್ಕೂ ಉತ್ತರ ಗೊತ್ತಿರಬೇಕು.

ಕೊಟ್ಟವರಿದ್ದಾರೆ: ಕೇರಳದ ತ್ರಿಶೂರಿನ ಫಾದರ್ ಡೇವಿಸ್ ಚಿರಮೆಲ್ 2009ರಲ್ಲಿ ಸಂಬಂಧಿಕರಲ್ಲದ, ಬೇರೆ ಧರ್ಮದ ಎಲೆಕ್ಟ್ರಿಷಿಯನ್ ಒಬ್ಬರಿಗೆ ಕಿಡ್ನಿ ಕೊಟ್ಟರು. ಉದ್ಯಮಿ ಕೊಚ್ಚೌಸೆಫ್ ಚಿಟ್ಟಿಲಪಿಳ್ಳಿಯವರು 2011ರಲ್ಲಿ ಒಬ್ಬ ಲಾರಿ ಚಾಲಕರಿಗೆ ಕೊಟ್ಟರು.

ಕಾನೂನು ಏನು ಹೇಳುತ್ತದೆ?
1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಹತ್ತಿರದ ರಕ್ತಸಂಬಂಧಿಗಳು ಮತ್ತು ಗಂಡ-ಹೆಂಡತಿ ಕೊಡಬಹುದು. 2011ರ ತಿದ್ದುಪಡಿ ಅಜ್ಜ-ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಬೇರೆಯವರು ಕೊಡಬೇಕಾದರೆ ಅನುಮತಿ ಸಮಿತಿ ಒಪ್ಪಬೇಕು. ಯಾಕೆ ಕೊಡುತ್ತೀರಿ, ಪರಿಚಯ ಹೇಗೆ, ದಲ್ಲಾಳಿ ಇದ್ದಾನೆಯೇ ಎಂದು ಸಮಿತಿ ಕೇಳುತ್ತದೆ. ಇಬ್ಬರದೂ ಮೂರು ವರ್ಷದ ಆದಾಯ ನೋಡುತ್ತದೆ. ನಿಮ್ಮ ಮನೆಯವರನ್ನೂ ಮಾತಾಡಿಸುತ್ತದೆ. ಕೊಡುವವರು ಹೆಂಗಸಾದರೆ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು, ಆಕೆಯ ಸ್ವಂತ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರು ದೃಢಪಡಿಸಬೇಕು ಎಂದು 2014ರ ನಿಯಮಗಳು ಹೇಳುತ್ತವೆ. ಇದು ನಮಗೆ ಸಿಕ್ಕ ರಕ್ಷಣೆ.

ದುಡ್ಡಿಗೆ ಕೊಟ್ಟರೆ, ಕೊಂಡರೆ, ದಲ್ಲಾಳಿತನ ಮಾಡಿದರೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಆದರೆ ದಾನದಿಂದ ನಿಜವಾಗಿ ಆದ ಖರ್ಚು, ತಪ್ಪಿದ ಕೂಲಿ ಪಡೆಯುವುದನ್ನು ಕಾನೂನು ಮಾರಾಟ ಎನ್ನುವುದಿಲ್ಲ.

ದೇಹ ತಯಾರಿದೆಯೇ?
• ರಕ್ತದ ಗುಂಪು, ಬಿ.ಪಿ., ಸಕ್ಕರೆ, ಮೂತ್ರ, ಹೃದಯ ಪರೀಕ್ಷೆ. ಎರಡೂ ಕಿಡ್ನಿಗಳ ಸ್ಕ್ಯಾನ್. ಮನಸ್ಸಿನ ತಪಾಸಣೆಯೂ ಉಂಟು. ಒಂದರಲ್ಲಿ ತೊಡಕಾದರೂ ವೈದ್ಯರು ಬೇಡ ಎನ್ನಬಹುದು.
• ಆಪರೇಷನ್‌ನಲ್ಲಿ ಜೀವಾಪಾಯ ಬಹಳ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ.
• ಸುಮಾರು ನಾಲ್ಕರಿಂದ ಆರು ವಾರ ಕೊಡ, ಮೂಟೆ ಎತ್ತಬಾರದು.
• ಮುಂದೆ ಮಕ್ಕಳು ಬೇಕೆನ್ನುವವರು ಮೊದಲೇ ಹೇಳಬೇಕು. ಬಸುರಿನಲ್ಲಿ ಬಿ.ಪಿ. ಏರುವ ಸಾಧ್ಯತೆ ಹೆಚ್ಚು.
• ಜೀವನಪೂರ್ತಿ ವರ್ಷಕ್ಕೊಮ್ಮೆ ತಪಾಸಣೆ. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು.

ಮನೆ ತಯಾರಿದೆಯೇ?
ಆ ವಾರಗಳಲ್ಲಿ ಅಡುಗೆ ಯಾರು, ಸಂಘದ ಕಂತು ಯಾರು ಕಟ್ಟುತ್ತಾರೆ? ಬರೆದಿಟ್ಟುಕೊಳ್ಳಿ. ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಟ್ಟವರಲ್ಲಿ ಹೆಂಗಸರೇ ಹೆಚ್ಚು, ಪಡೆದವರಲ್ಲಿ ಗಂಡಸರೇ ಹೆಚ್ಚು. ಆದ್ದರಿಂದ "ನೀನೇ ಕೊಡು" ಎಂಬ ಒತ್ತಡಕ್ಕೆ ಮಣಿಯಬೇಡಿ. ಆಪರೇಷನ್ ಆರಂಭವಾಗುವ ಗಳಿಗೆಯವರೆಗೂ "ಬೇಡ" ಎನ್ನುವ ಹಕ್ಕು ನಿಮ್ಮದು.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಅವಸರ ಬೇಡ, ಮೊದಲು ಡಾಕ್ಟರನ್ನು ಕಾಣಿ. ಸಾಲದ ಮಾತಾಡಿದ ಅಕ್ಕನ ಜೊತೆ ಸಭೆ ಮುಗಿದ ಮೇಲೆ ಕೂತು ಲೆಕ್ಕ ಬರೆದೆವು. ಸಾಲಕ್ಕೆ ದಾರಿ ಸಂಘದಲ್ಲಿ ಹುಡುಕಬೇಕು, ನಮ್ಮ ಹೊಟ್ಟೆಯೊಳಗಲ್ಲ.

ಚರ್ಚಿಸೋಣ
1. ದಾನಕ್ಕೂ ಮಾರಾಟಕ್ಕೂ ಏನು ವ್ಯತ್ಯಾಸ?
2. ಸಾಲದ ಒತ್ತಡದಲ್ಲಿರುವ ಸದಸ್ಯೆಗೆ ನಮ್ಮ ಸಂಘ ಏನು ಮಾಡಬಹುದು?
3. ನಮ್ಮ ಸಂಘದಲ್ಲಿ ಎಷ್ಟು ಜನ ಈ ವರ್ಷ ಬಿ.ಪಿ., ಸಕ್ಕರೆ ನೋಡಿಸಿದ್ದೀರಿ?